ವಕಾಲತ್ತಿಗೆ ಸಹಿ ಹಾಕುವ ಮುನ್ನ

ಪೇಟೆಯ ನಡುವೆ ಒಂದು ಕಾರು ಇನ್ನೊಂದು ವಾಹನಕ್ಕೆ ತಾಗಿತೆಂದರೆ, ಆ ಸದ್ದು ಅಡಗುವುದರೊಳಗಾಗಿ ಅಲ್ಲಿ ನೆರೆಯುವ ಜನರಲ್ಲಿ ಮೂರು ಮತಗಳು ಹುಟ್ಟಿಕೊಳ್ಳುವುದು ನಮ್ಮ ಊರುಗಳಲ್ಲಿ ನಿಯಮವೇ ಆಗಿಹೋಗಿದೆ. “ಆದದ್ದು ಆಯಿತು, ಇಲ್ಲೇ ಏನೋ ಕೊಟ್ಟು ಮುಗಿಸಿಕೊಳ್ಳಿ ಸಾರ್” ಎಂಬುದು ಲೋಕಾನುಭವಿಗಳ ಮತ; “ನಡೀರಿ ಸ್ಟೇಷನ್ನಿಗೆ, ಅಲ್ಲೇ ತೀರ್ಮಾನವಾಗಲಿ” ಎಂಬುದು ಆವೇಶವುಳ್ಳವರ ಮತ; “ಒಬ್ಬ ಲಾಯರ್ ಹಿಡೀರಿ, ಇನ್ಶೂರೆನ್ಸಿನವರಿಂದ ಚೆನ್ನಾಗಿ ಬರುತ್ತೆ” ಎಂಬುದು, ತಮ್ಮದೋ ತಮ್ಮ ಭಾವಮೈದುನನದೋ ಒಂದು ಹಳೆಯ ಪ್ರಕರಣವನ್ನು ನೆನಪಿಟ್ಟುಕೊಂಡವರ ಮತ. ಮೂರೂ ಕೆಲವು ಸಂದರ್ಭಗಳಲ್ಲಿ ಸರಿ, ಕೆಲವು ಸಂದರ್ಭಗಳಲ್ಲಿ ತಪ್ಪು. ಆದರೆ ಯಾವುದು ಎಲ್ಲಿ ಸರಿ ಎಂಬುದನ್ನು ವಿವೇಚಿಸುವುದಕ್ಕೆ ಬೇಕಾದ ಸಮಾಧಾನ ಆ ಗಳಿಗೆಯಲ್ಲಿ ಯಾರಲ್ಲಿಯೂ ಇರುವುದಿಲ್ಲ. ಆದುದರಿಂದ ಆ ವಿವೇಚನೆಯನ್ನು ಮನೆಯಲ್ಲಿ ಕುಳಿತು, ಕಾರು ನೆಟ್ಟಗಿರುವಾಗಲೇ, ಮಾಡಿಕೊಂಡಿರುವುದು ಲೇಸು.

ಮೊದಲು ತಿಳಿಯತಕ್ಕದ್ದೇನೆಂದರೆ, ಅಪಘಾತ ಸಣ್ಣದೋ ದೊಡ್ಡದೋ ಎಂಬುದನ್ನು ನಾವು ಅಳೆಯುವ ರೀತಿಯೇ ಬೇರೆ, ಕಾನೂನು ಅಳೆಯುವ ರೀತಿಯೇ ಬೇರೆ. ನಾವು ನೋಡುವುದು ಕಾರನ್ನು: ಬಾನೆಟ್ಟು ಮಡಚಿಕೊಂಡಿದ್ದರೆ ದೊಡ್ಡದು, ಬಂಪರು ಬಿರುಕು ಬಿಟ್ಟಿದ್ದರೆ ಸಣ್ಣದು. ಕಾನೂನು ನೋಡುವುದು ಮನುಷ್ಯನ ಮೈಯನ್ನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನ ಪ್ರಕಾರ ಮೂಳೆಯಾಗಲಿ ಹಲ್ಲಾಗಲಿ ಮುರಿದರೆ, ಕೀಲು ತಪ್ಪಿದರೆ, ಅದು ತೀವ್ರ ಗಾಯ. ನೋವಿನ ದೆಸೆಯಿಂದ ಗಾಯಾಳು 15 ದಿನಗಳ ಕಾಲ ತನ್ನ ನಿತ್ಯದ ಉದ್ಯೋಗವನ್ನು ನಡೆಸಲಾರದೆ ಹೋದರೂ ಅದು ತೀವ್ರ ಗಾಯವೇ. ಹಳೆಯ ದಂಡ ಸಂಹಿತೆಯಲ್ಲಿ ಈ ಅವಧಿ 20 ದಿನಗಳಾಗಿತ್ತು. ಹೀಗಾಗಿ, ಕಾರಿಗೆ ಒಂದು ಗೀರೂ ಬೀಳದೆ, ಸ್ಕೂಟರಿನಿಂದ ಬಿದ್ದವನ ಮುಂದಿನ ಹಲ್ಲೊಂದು ಮುರಿಯಿತೆಂದರೆ, ನಮ್ಮ ದೃಷ್ಟಿಯಲ್ಲಿ ಅಲ್ಪವಾದ ಆ ಘಟನೆ ಕಾನೂನಿನ ದೃಷ್ಟಿಯಲ್ಲಿ ಮೂರು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಆಪಾದನೆಗೆ ಎಡೆಗೊಡುತ್ತದೆ. ಇದಕ್ಕೆ ಪ್ರತಿಯಾಗಿ, ಕಾರು ಗುರುತು ಸಿಕ್ಕದಂತೆ ನುಜ್ಜುಗುಜ್ಜಾಗಿ, ಒಳಗಿದ್ದವರು ಏರ್‌ಬ್ಯಾಗಿನ ದಯೆಯಿಂದ ಧೂಳು ಕೊಡವಿಕೊಂಡು ಇಳಿದರೆನ್ನಿ. ಹಣದ ನಷ್ಟ ಎಷ್ಟೇ ಇರಲಿ, ಅದು ಬಹುಮಟ್ಟಿಗೆ ವಿಮಾ ಕಂಪನಿಯೊಡನೆ ನಡೆಯತಕ್ಕ ಲೆಕ್ಕಾಚಾರ ಮಾತ್ರ. ವಕೀಲರು ಬೇಕೆ ಬೇಡವೆ ಎಂಬ ಪ್ರಶ್ನೆಗೆ ಉತ್ತರವನ್ನು ಬಂಪರಿನಲ್ಲಿ ಹುಡುಕುವುದು ವ್ಯರ್ಥ. ಯಾರ ಮೈಗಾದರೂ ಪೆಟ್ಟಾಗಿದೆಯೆ, ಯಾರ ಮೇಲಾದರೂ ಪೊಲೀಸ್ ಮೊಕದ್ದಮೆ ದಾಖಲಾಗಿದೆಯೆ, ವಾಹನದ ಅಥವಾ ಚಾಲಕನ ಕಾಗದಪತ್ರಗಳಲ್ಲಿ ಏನಾದರೂ ಕೊರತೆಯಿದೆಯೆ, ಈ ಮೂರರಲ್ಲಿ ಅದು ಅಡಗಿದೆ.

ತಗಡಿನ ಮಾತನ್ನು ಮೊದಲು ಮುಗಿಸಿಬಿಡೋಣ. ಎರಡು ಕಾರುಗಳು ತಾಗಿ, ಯಾರಿಗೂ ಗಾಯವಾಗದೆ, ಬಾಗಿಲಿನ ತಗಡು ತಗ್ಗಿ, ಬಂಪರು ಒಡೆದ ಪ್ರಸಂಗದಲ್ಲಿ ವಕೀಲರಿಗೆ ಕೆಲಸವೇ ಇಲ್ಲವೆಂದು ನಿಸ್ಸಂಕೋಚವಾಗಿ ಹೇಳಬಹುದು. ಸ್ವಂತ ವಾಹನದ ಹಾನಿಯನ್ನೂ ಭರಿಸುವ ಪ್ಯಾಕೇಜ್ ಪಾಲಿಸಿಯುಳ್ಳವರು ತಂತಮ್ಮ ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡಿದ ಬಳಿಕ ಗ್ಯಾರೇಜಿಗೆ ಬಿಡುವುದೇ ರೂಢಿ. ಆದರೆ ಇಲ್ಲಿಯೂ ಒಂದು ಗಣಿತವುಂಟು. ಅದನ್ನು ಮಾಡದೆ ಕ್ಲೇಮಿಗೆ ಕೈಹಾಕಿದವರು ಮುಂದಿನ ವರ್ಷ ಪ್ರೀಮಿಯಮ್ಮಿನ ಚೀಟಿ ನೋಡಿ ಬೆರಗಾಗುತ್ತಾರೆ. ಕ್ಲೇಮಿಲ್ಲದ ವರ್ಷಗಳಿಗೆ ದೊರೆಯುವ ನೋ ಕ್ಲೇಮ್ ಬೋನಸ್ಸು ಅನುಕ್ರಮವಾಗಿ ಶೇಕಡ 20, 25, 35, 45, 50ರಂತೆ ಏರಿ, ಒಂದು ಕ್ಲೇಮಿನಿಂದ ಒಮ್ಮೆಗೇ ಸೊನ್ನೆಗೆ ಇಳಿಯುತ್ತದೆ. ಸ್ವಂತ ಹಾನಿಯ ಭಾಗದ ಪ್ರೀಮಿಯಂ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಅರ್ಧ ರಿಯಾಯಿತಿಯಲ್ಲಿ 6,000 ಕಟ್ಟುತ್ತಿದ್ದವನು ಕ್ಲೇಮಿನ ಮರುವರ್ಷ 12,000ವನ್ನು, ಬಳಿಕ 9,600, 9,000, 7,800, 6,600ನ್ನು ಕಟ್ಟಿ, ಆಮೇಲೆ ಹಿಂದಿನ ನೆಲೆಗೆ ಮರಳುತ್ತಾನೆ. ಹೆಚ್ಚಾಗಿ ತೆತ್ತದ್ದು ಒಟ್ಟು 15,000. ಕಾರು ಹಳತಾದಂತೆ ಮೂಲ ಪ್ರೀಮಿಯಂ ಇಳಿಯುವುದರಿಂದ ಈ ಅಂಕ ಕೊಂಚ ತಗ್ಗಬಹುದು, ಅಷ್ಟೆ. ಇತ್ತ ಒಡೆದ ಬಂಪರಿನ ಬೆಲೆ 8,000 ಎಂದರೆ, ಪ್ಲಾಸ್ಟಿಕ್ ಭಾಗಕ್ಕೆ ಅರ್ಧದಷ್ಟು ಸವಕಳಿಯನ್ನು ಕಳೆದು, ಸಣ್ಣ ಕಾರಿಗೆ ಕಡ್ಡಾಯವಾದ 1,000 ರೂಪಾಯಿಯ ಕಡಿತವನ್ನೂ ಮುರಿದುಕೊಂಡು, ಕಂಪನಿ ಕೊಡುವುದು 3,000. ಝೀರೋ ಡೆಪ್ರಿಸಿಯೇಷನ್ ರಕ್ಷಣೆಯನ್ನಾಗಲಿ ಬೋನಸ್ಸನ್ನು ಕಾಯುವ ಹೆಚ್ಚುವರಿ ರಕ್ಷಣೆಯನ್ನಾಗಲಿ ಕೊಂಡಿದ್ದವನ ಲೆಕ್ಕ ಬೇರೆಯಾದೀತು. ಉಳಿದವರು ಇಂಥ ಪ್ರಸಂಗದಲ್ಲಿ ಟಿಂಕರಿಂಗ್ ಮಾಡುವವನ ಬಳಿಗೆ ಹೋಗುವುದೇ ಬುದ್ಧಿವಂತಿಕೆ.

ತಪ್ಪು ಎದುರಿನವನದೇ ಆಗಿದ್ದು, ನಮ್ಮಲ್ಲಿ ಇರುವುದು ಬರಿಯ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದರೆ? ಆಗ ನಮ್ಮ ಕಂಪನಿಯಿಂದ ಕಾರಿನ ರಿಪೇರಿಗೆ ಕಾಸೂ ಹುಟ್ಟದು. ಎದುರಿನವನ ಕಂಪನಿಯಿಂದ ಪಡೆಯಬಹುದು. ಖಾಸಗಿ ಕಾರಿನ ಪಾಲಿಸಿಗಳಲ್ಲಿ ಅನ್ಯರ ಆಸ್ತಿಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯವರೆಗೆ ಹೊಣೆಯಿರುತ್ತದೆ. ಆದರೆ ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಿ ಅರ್ಜಿ ಹಾಕಿ, ಎದುರಿನವನ ಅಜಾಗರೂಕತೆಯನ್ನು ಸಿದ್ಧಪಡಿಸಿ, ಗ್ಯಾರೇಜಿನ ಬಿಲ್ಲನ್ನು ಸಾಕ್ಷ್ಯದಿಂದ ರುಜುವಾತು ಮಾಡಬೇಕಾಗುತ್ತದೆ. ಹತ್ತಿಪ್ಪತ್ತು ಸಾವಿರದ ರಿಪೇರಿಗೆ ಈ ದಾರಿಯನ್ನು ಹಿಡಿಯುವುದು ನನ್ನ ಮತದಲ್ಲಿ ಹಟವೇ ಹೊರತು ವ್ಯವಹಾರವಲ್ಲ.

ಇನ್ನು ರಸ್ತೆಯಲ್ಲಿಯೇ ಹಣ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ. ಗಾಯವಿಲ್ಲದ ಕಡೆ ಇದು ದೋಷವಲ್ಲ. ಎರಡೂ ವಾಹನಗಳ ಸಂಖ್ಯೆ, ದಿನಾಂಕ, ಕೊಟ್ಟ ಮೊತ್ತ, ಯಾರಿಗೂ ಪೆಟ್ಟಾಗಿಲ್ಲವೆಂಬ ಒಂದು ಸಾಲು, ಇಬ್ಬರ ಸಹಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅದರ ಫೋಟೊ ತೆಗೆದಿಟ್ಟರೆ ಸಾಕು. ಆದರೆ ಗಾಯವಾದ ಕಡೆ ಈ ಪದ್ಧತಿಗೆ ಎರಡು ಅಡ್ಡಿಗಳುಂಟು. ಮೋಟಾರು ವಾಹನಗಳ ಕಾಯಿದೆಯ 134ನೆಯ ಕಲಮು ಗಾಯಾಳುವಿಗೆ ಚಿಕಿತ್ಸೆ ಒದಗಿಸುವುದನ್ನೂ, ಪೊಲೀಸರು ಕೇಳಿದ ವಿವರ ಕೊಡುವುದನ್ನೂ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಗಳೊಳಗೆ ಠಾಣೆಗೆ ವರದಿ ಮಾಡುವುದನ್ನೂ, ವಿಮಾ ಕಂಪನಿಗೆ ತಿಳಿಸುವುದನ್ನೂ ಚಾಲಕನ ಕರ್ತವ್ಯವನ್ನಾಗಿ ವಿಧಿಸಿದೆ. ಎರಡನೆಯದು, ಪಾಲಿಸಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿ ಯಾರೂ ಓದದ ಒಂದು ನಿಬಂಧನೆ: ಕಂಪನಿಯ ಲಿಖಿತ ಸಮ್ಮತಿಯಿಲ್ಲದೆ ವಿಮೆದಾರನು ತಪ್ಪನ್ನು ಒಪ್ಪಿಕೊಳ್ಳುವುದಾಗಲಿ, ಹಣ ಕೊಡುತ್ತೇನೆಂದು ಮಾತು ಕೊಡುವುದಾಗಲಿ, ಕೊಡುವುದಾಗಲಿ ಕೂಡದು. ಮರುಕದಿಂದಲೋ ಭಯದಿಂದಲೋ “ತಪ್ಪು ನನ್ನದೇ, ಆಸ್ಪತ್ರೆಯ ಖರ್ಚೆಲ್ಲ ನಾನೇ ನೋಡಿಕೊಳ್ಳುತ್ತೇನೆ” ಎಂದು ಚೀಟಿ ಬರೆದುಕೊಟ್ಟ ಸಜ್ಜನನು, ಅಂಥ ಹೊಣೆಯನ್ನು ಹೊರುವುದಕ್ಕೆಂದೇ ತಾನು ವರ್ಷವರ್ಷವೂ ಪ್ರೀಮಿಯಂ ಕಟ್ಟಿ ನೇಮಿಸಿಕೊಂಡಿದ್ದ ಕಂಪನಿಗೆ ಜಾರಿಕೊಳ್ಳಲು ತಾನೇ ಬಾಗಿಲು ತೆರೆದಂತಾಗುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುವುದು ಮನುಷ್ಯಧರ್ಮ. ಚೀಟಿ ಬರೆದುಕೊಡುವುದು ಆ ಧರ್ಮದ ಅಂಗವಲ್ಲ.

ಗಾಯದ ಪ್ರಕರಣಗಳ ವಿಚಾರಕ್ಕೆ ಬರುವ ಮೊದಲು ಈ ನ್ಯಾಯಾಧಿಕರಣವೆಂಬ ವ್ಯವಸ್ಥೆ ಏತಕ್ಕಾಗಿ ಹುಟ್ಟಿತೆಂಬುದನ್ನು ನೆನೆಯುವುದು ಅಪ್ರಕೃತವಾಗಲಾರದು. 1939ರ ಮೋಟಾರು ವಾಹನಗಳ ಕಾಯಿದೆಯಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಅದರಿಂದ ಹಣವುಳ್ಳ ಒಬ್ಬ ಪ್ರತಿವಾದಿಯೇನೋ ಸೃಷ್ಟಿಯಾದ. ಆದರೆ ಗಾಯಗೊಂಡ ಕೂಲಿಯವನು ಅವನಲ್ಲಿಗೆ ತಲಪಬೇಕಾದರೆ ಸಿವಿಲ್ ನ್ಯಾಯಾಲಯದ ದೀರ್ಘವಾದ ಮೆಟ್ಟಿಲುಗಳನ್ನೇ ಹತ್ತಬೇಕಾಗಿತ್ತು. 1956ರಲ್ಲಿ ಕಾಯಿದೆಯನ್ನು ತಿದ್ದಿ, ಸಂಕ್ಷಿಪ್ತ ವಿಚಾರಣೆಯಿಂದ ಬೇಗನೆ ತೀರ್ಪು ಕೊಡತಕ್ಕ ನ್ಯಾಯಾಧಿಕರಣಗಳಿಗೆ ಅವಕಾಶ ಕಲ್ಪಿಸಿದ್ದು ಈ ಕಷ್ಟದ ಪರಿಹಾರಕ್ಕಾಗಿ. 1988ರ ಕಾಯಿದೆ ಅದನ್ನೇ ಮುಂದುವರಿಸಿ, ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲದೆ ಅರ್ಜಿದಾರನು ವಾಸಿಸುವ ಊರಿನಲ್ಲಿಯೂ ಅರ್ಜಿ ಹಾಕಬಹುದೆಂಬ ಸೌಲಭ್ಯವನ್ನೂ ಕೊಟ್ಟಿದೆ; ಹುಬ್ಬಳ್ಳಿಯ ರಸ್ತೆಯಲ್ಲಿ ಬಿದ್ದ ಮೈಸೂರಿನವನು ಮೈಸೂರಿನಲ್ಲಿಯೇ ಕೇಳಬಹುದು. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರೇ ಈ ಅಧಿಕರಣವನ್ನು ನಡೆಸುತ್ತಾರೆ. ಶಾಸನಕರ್ತರ ಆಶಯವನ್ನು ನೋಡಿದರೆ ವಕೀಲರಿಲ್ಲದೆಯೂ ಬಡವನು ಪ್ರವೇಶಿಸಬಹುದಾದ ಮನೆಯಿದು. ಕಕ್ಷಿಗಾರನು ತಾನೇ ನಿಂತು ವಾದಿಸಲು ಇಂದಿಗೂ ಅಡ್ಡಿಯಿಲ್ಲ. ಎದುರಿಗೆ ಮಾತ್ರ, ಇಂಥವೇ ನೂರಾರು ಪ್ರಕರಣಗಳನ್ನು ನಡೆಸಿ ಪಳಗಿದ ವಿಮಾ ಕಂಪನಿಯ ಪ್ಯಾನೆಲ್ ವಕೀಲರು ನಿಂತಿರುತ್ತಾರೆ.

ಈಚಿನ ತಿದ್ದುಪಡಿಗಳು ಆ ಮೂಲ ಆಶಯವನ್ನು ಮತ್ತೆ ಎತ್ತಿ ನಿಲ್ಲಿಸಲು ಯತ್ನಿಸಿವೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ, ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ, 50 ದಿನಗಳೊಳಗೆ ಮಧ್ಯಂತರ ವರದಿಯನ್ನೂ, 90 ದಿನಗಳೊಳಗೆ ಸವಿಸ್ತಾರವಾದ ವರದಿಯನ್ನೂ ನ್ಯಾಯಾಧಿಕರಣಕ್ಕೆ ಒಪ್ಪಿಸತಕ್ಕದ್ದು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಅಧಿಕರಣವು ಭಾವಿಸತಕ್ಕದ್ದು. ವಿಮಾ ಕಂಪನಿಯು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ, 30 ದಿನಗಳೊಳಗೆ ಇಷ್ಟು ಕೊಡುತ್ತೇವೆಂದು ತನ್ನ ಮೊತ್ತವನ್ನು ಮುಂದಿಡಬೇಕು. ಗಾಯಾಳು ಒಪ್ಪಿದರೆ ಅದೇ ತೀರ್ಪಾಗುತ್ತದೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಕ್ರಮವನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ವಿವರವಾಗಿ ಆದೇಶಿಸಿತು. ಇದೆಲ್ಲ ಕಾಗದದ ಮೇಲಿರುವಷ್ಟು ಸರಾಗವಾಗಿ ಪ್ರತಿಯೊಂದು ಠಾಣೆಯಲ್ಲಿಯೂ ನಡೆಯುತ್ತದೆಂದು ನಂಬಿಕೊಂಡು ಕೂರುವುದು ಮಾತ್ರ ಸಲ್ಲ. ಮೇಲೆ ಹೇಳಿದ ತಿದ್ದುಪಡಿಗಳಲ್ಲೊಂದು, 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿಯನ್ನು ಮತ್ತೆ ತಂದು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು ವಿಧಿಸಿದೆ. ಈ ಮಿತಿ ನ್ಯಾಯವಾದುದೇ ಎಂಬ ಚರ್ಚೆ ಮೇಲಿನ ನ್ಯಾಯಾಲಯದಲ್ಲಿ ನಡೆದಿದ್ದರೂ, ನಮ್ಮ ಪ್ರಕರಣವನ್ನೇ ಆ ಚರ್ಚೆಯ ಪಣಕ್ಕೊಡ್ಡುವ ಸಾಹಸ ಯಾರಿಗೂ ಬೇಡ.

ಗಾಯದ ಪ್ರಕರಣ ನಿಲ್ಲುವುದೂ ಬೀಳುವುದೂ ಬಹುಪಾಲು ಮೊದಲ ಎರಡು ಮೂರು ದಿನಗಳಲ್ಲಿ ಹುಟ್ಟಿದ ಕಾಗದಗಳಿಂದ. ಆ ದಿನಗಳಲ್ಲಿ ಯಾವ ವಕೀಲರೂ ಜೊತೆಯಲ್ಲಿ ಇರುವುದಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು “ಏನಾಯಿತು?” ಎಂದು ಕೇಳಿದಾಗ, ಪೊಲೀಸರ ಗೋಜು ಬೇಡವೆಂದೋ, ಹೊಡೆದವನು ಪಕ್ಕದಲ್ಲಿಯೇ ನಿಂತು ಖರ್ಚು ಕೊಡುತ್ತೇನೆನ್ನುತ್ತಿರುವನೆಂಬ ದಾಕ್ಷಿಣ್ಯದಿಂದಲೋ, “ಗಾಡಿಯಿಂದ ಸ್ಕಿಡ್ ಆಗಿ ಬಿದ್ದೆ” ಎಂದು ಹೇಳುವವರು ಉಂಟು. ಆ ಒಂದು ವಾಕ್ಯ ಕೇಸ್ ಶೀಟಿನಲ್ಲಿ ಬರೆದುಹೋಗುತ್ತದೆ. ಮುಂದೆ ಆ ದಾಕ್ಷಿಣ್ಯದ ಮನುಷ್ಯ ಫೋನು ಎತ್ತದೆ ಹೋದಾಗ, ಗಾಯಾಳು ಠಾಣೆಗೆ ಹೋಗಿ ಕಾರು ಹೊಡೆಯಿತೆಂದು ದೂರು ಕೊಟ್ಟಾಗ, ವಿಮಾ ಕಂಪನಿಯ ವಕೀಲರು ಮೊದಲು ತರಿಸಿಕೊಳ್ಳುವುದು ಆ ಕೇಸ್ ಶೀಟನ್ನೇ. ದೂರು ತಡವಾದುದೊಂದೇ ಕಾರಣದಿಂದ ಪರಿಹಾರವನ್ನು ನಿರಾಕರಿಸಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದುಂಟು. ತಡವನ್ನು ವಿವರಿಸಬಹುದು, ತನ್ನ ಬಾಯಿಂದಲೇ ಬಂದ ಬೇರೆ ಕಥೆಯನ್ನು ವಿವರಿಸುವುದು ಬಹಳ ಕಷ್ಟ. ಹಿಂದಿನಿಂದ ಕಾರು ಗುದ್ದಿದಾಗ ಕತ್ತಿಗೆ ಆಗುವ ಉಳುಕು ಆ ಹೊತ್ತಿಗೆ ತಿಳಿಯದೆ ಮರುದಿನ ಬೆಳಗ್ಗೆ ತಲೆಯೆತ್ತುವುದೂ ಸಾಮಾನ್ಯ. ಆದುದರಿಂದ ಅಂದೇ ವೈದ್ಯರನ್ನು ಕಾಣುವುದು, ರಸ್ತೆ ಅಪಘಾತವೆಂದೇ ಹೇಳಿ ಎಂ.ಎಲ್.ಸಿ. (ಮೆಡಿಕೋ-ಲೀಗಲ್ ಕೇಸ್) ಬರೆಯಿಸುವುದು, ವಾಹನಗಳನ್ನು ಸರಿಸುವ ಮುನ್ನ ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯುವುದು, ಎದುರಿನ ವಾಹನದ ಸಂಖ್ಯೆಯನ್ನೂ ಪಾಲಿಸಿಯ ವಿವರವನ್ನೂ ಬರೆದುಕೊಳ್ಳುವುದು, ಇವಕ್ಕೆ ಕಾನೂನು ಪಾಂಡಿತ್ಯ ಬೇಕಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನಗಳ ಚಿಕಿತ್ಸೆಗೆ 1.5 ಲಕ್ಷ ರೂಪಾಯಿಯವರೆಗೆ ನೆರವು ದೊರೆಯತಕ್ಕದ್ದಿದೆ ಎಂಬುದನ್ನೂ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ ತಿಳಿಯಬಹುದು.

ಹಾಗಾದರೆ ಗಾಯಾಳುವಿಗೆ ವಕೀಲರು ಯಾವಾಗ ಬೇಕು? ತರಚು ಗಾಯ, ನಾಲ್ಕು ಹೊಲಿಗೆ, ಒಂದು ವಾರದ ವಿಶ್ರಾಂತಿ, ಇಷ್ಟರಲ್ಲಿ ಮುಗಿದಿದ್ದು, ಎದುರಿನ ವಾಹನಕ್ಕೆ ಸರಿಯಾದ ಪಾಲಿಸಿಯಿದ್ದು, ಪೊಲೀಸ್ ವರದಿ ನಮ್ಮ ಪರವಾಗಿದ್ದರೆ, ಕಂಪನಿ ಮುಂದಿಡುವ ಮೊತ್ತವನ್ನು ಬಿಲ್ಲುಗಳೊಡನೆ ತಾಳೆ ನೋಡಿ ಒಪ್ಪುವುದರಲ್ಲಿ ತಪ್ಪಿಲ್ಲ. ಮೂಳೆ ಮುರಿದಿದ್ದರೆ ಮಾತೇ ಬೇರೆ. ಮುರಿದ ಮೂಳೆಯ ಬೆಲೆ ಆಸ್ಪತ್ರೆಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಕೂಡಿಕೊಂಡ ಮೂಳೆ ವಕ್ರವಾದೀತು, ಕೈ ಪೂರ್ತಿ ಮೇಲೇಳದೆ ಹೋದೀತು, ಒಳಗಿಟ್ಟ ಪ್ಲೇಟನ್ನು ತೆಗೆಸಲು ಇನ್ನೊಂದು ಶಸ್ತ್ರಚಿಕಿತ್ಸೆ ಬಂದೀತು. ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾಂಶ ಒಂದು. ಅದರಿಂದ ಆ ಮನುಷ್ಯನ ದುಡಿಮೆಗೆ ಉಂಟಾದ ಕುಂದು ಇನ್ನೊಂದು. ಎರಡೂ ಒಂದೇ ಅಲ್ಲವೆಂಬುದನ್ನು ಸುಪ್ರೀಂ ಕೋರ್ಟು 2010ರ ತೀರ್ಪೊಂದರಲ್ಲಿ ವಿಶದಪಡಿಸಿದೆ: ಎಡಗೈ ಬೆರಳುಗಳ ಬಿಗಿತ ಗುಮಾಸ್ತನಿಗೆ ಅಲ್ಪ ತೊಂದರೆಯಾಗಿ ಮುಗಿದರೆ, ಮಗ್ಗದ ನೇಕಾರನಿಗೆ ಅದೇ ಜೀವನೋಪಾಯದ ಹಾನಿ. ಈ ವ್ಯತ್ಯಾಸವನ್ನು ವೈದ್ಯರ ಸಾಕ್ಷ್ಯದ ಮೂಲಕ, ಆದಾಯದ ದಾಖಲೆಗಳ ಮೂಲಕ, ನ್ಯಾಯಾಧೀಶರ ಮನಸ್ಸಿಗೆ ತರುವುದು ಕಲಿತವರ ಕೆಲಸ. ಮತ್ತೊಂದು ಸಂಗತಿ: ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಹೈಕೋರ್ಟಿಗೆ ಮೇಲ್ಮನವಿಯಿಲ್ಲ. ದೊಡ್ಡ ಪ್ರಕರಣದಲ್ಲಿ ಕೆಳಗೆ ತಪ್ಪಿದ್ದನ್ನು ಮೇಲೆ ತಿದ್ದಿಸಿಕೊಳ್ಳುವ ಅವಕಾಶವುಂಟು. ಸಣ್ಣ ಪ್ರಕರಣಕ್ಕೆ ಮೊದಲ ತೀರ್ಪೇ ಕಡೆಯ ತೀರ್ಪು. ಸಣ್ಣದೆಂಬ ಕಾರಣಕ್ಕೆ ಅದನ್ನು ಅಲಕ್ಷ್ಯದಿಂದ ನಡೆಸುವ ಪದ್ಧತಿ ಹೀಗೆ ವಿಪರೀತವಾದುದು.

ಇಷ್ಟು ಹೊತ್ತು ಪೆಟ್ಟು ತಿಂದವನ ಮಾತಾಯಿತು. ಕಾರು ಓಡಿಸುತ್ತಿದ್ದವನ ಸ್ಥಿತಿ ಜನರು ತಿಳಿದಿರುವುದಕ್ಕಿಂತ ಸೂಕ್ಷ್ಮವಾದುದು. ಸಾಮಾನ್ಯವಾಗಿ ಅವನ ಮೇಲೆ ನ್ಯಾಯ ಸಂಹಿತೆಯ 281 ಮತ್ತು 125ನೆಯ ಕಲಮುಗಳ ಪ್ರಕಾರ ಮೊಕದ್ದಮೆ ದಾಖಲಾಗುತ್ತದೆ. ಇವು ಜಾಮೀನು ಕೊಡತಕ್ಕ ಅಪರಾಧಗಳಾದುದರಿಂದ ಠಾಣೆಯಲ್ಲಿಯೇ ಜಾಮೀನು ದೊರೆಯುತ್ತದೆ; ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸಿದ ಬಳಿಕ ಕಾರೂ ಬಿಡುಗಡೆಯಾಗುತ್ತದೆ. ಇಲ್ಲಿಯವರೆಗೆ ಭಯಕ್ಕೆ ಕಾರಣವಿಲ್ಲ. ಆಮೇಲೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗಿ, ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ, “ಒಪ್ಪಿಕೊಂಡು ಫೈನ್ ಕಟ್ಟಿಬಿಡಿ, ಓಡಾಟ ತಪ್ಪುತ್ತದೆ” ಎಂದು ಸಲಹೆ ಕೊಡುವವರು ಕೋರ್ಟಿನ ಪಡಸಾಲೆಯ ತುಂಬ ಇರುತ್ತಾರೆ. ಆ ಒಪ್ಪಿಗೆ ಪರಿಹಾರದ ಪ್ರಕರಣದಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿ ಬರಬಲ್ಲದು. ಡ್ರೈವಿಂಗ್ ಲೈಸೆನ್ಸಿನ ಮೇಲೆ ಕ್ರಮಕ್ಕೂ ದಾರಿಯಾಗಬಲ್ಲದು. ಮನೆಯ ಕಾರು ಓಡಿಸುವವನಿಗೆ ಅದು ಅನಾನುಕೂಲ. ಟ್ಯಾಕ್ಸಿಯಿಂದಲೇ ಸಂಸಾರ ಸಾಗಿಸುವವನಿಗೆ ಅನ್ನದ ಪ್ರಶ್ನೆ. ತಪ್ಪು ತನ್ನದಲ್ಲವೆಂದು ಮನಸ್ಸಾರೆ ನಂಬಿದವನು ಓಡಾಟ ತಪ್ಪಿಸಿಕೊಳ್ಳುವುದಕ್ಕಾಗಿ ತಪ್ಪೊಪ್ಪಿಕೊಳ್ಳುವ ಮುನ್ನ ಒಬ್ಬ ಕ್ರಿಮಿನಲ್ ವಕೀಲರನ್ನು ಕಾಣಲೇಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಪರಿಹಾರದ ಪ್ರಕರಣದಲ್ಲಿ ಮಾಲೀಕನ ಪರವಾಗಿ ವಿಮಾ ಕಂಪನಿಯೇ ಹೋರಾಡುತ್ತದೆಂಬ ನಂಬಿಕೆ ಅರ್ಧ ನಿಜ. ಕಾಗದಗಳೆಲ್ಲ ಸರಿಯಾಗಿದ್ದರೆ ಮಾಲೀಕನ ಹಿತವೂ ಕಂಪನಿಯ ಹಿತವೂ ಒಂದೇ. ಅಕ್ಕನ ಮಗನಿಗೆ ಲೈಸೆನ್ಸಿಲ್ಲದಿದ್ದರೂ ಕಾರು ಕೊಟ್ಟಿದ್ದರೆ, ಸ್ವಂತ ಬಳಕೆಯ ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರೆ, ಪಾಲಿಸಿಯ ಅವಧಿ ಹಿಂದಿನ ದಿನ ಮುಗಿದಿದ್ದರೆ, ಆ ಕ್ಷಣದಿಂದ ಕಂಪನಿಯೇ ಮಾಲೀಕನ ಎದುರಾಳಿ. ಗಾಯಾಳುವಿಗೆ ನೀನು ಮೊದಲು ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೋ ಎಂದು ನ್ಯಾಯಾಧಿಕರಣವು ಕಂಪನಿಗೆ ಆದೇಶಿಸಬಹುದೆಂಬುದು ಸುಪ್ರೀಂ ಕೋರ್ಟಿನ 2004ರ ತೀರ್ಪಿನಿಂದ ದೃಢವಾಗಿದೆ. ನೋಟೀಸು ಬಂದಾಗ “ಇನ್ಶೂರೆನ್ಸಿನವರು ನೋಡಿಕೊಳ್ಳುತ್ತಾರೆ” ಎಂದು ಅದನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟವರು, ತಮ್ಮ ಗೈರುಹಾಜರಿಯಲ್ಲಿ ಏಕಪಕ್ಷೀಯವಾಗಿ ಆದ ಆದೇಶವನ್ನು ಅಮೀನನ ಕೈಯಿಂದ ಪಡೆಯುವ ಪ್ರಸಂಗ ಅಪೂರ್ವವೇನಲ್ಲ. ಕಾಗದದಲ್ಲಿ ಸಂದೇಹವಿರುವ ಮಾಲೀಕನಿಗೆ, ಅಪಘಾತ ಎಷ್ಟೇ ಸಣ್ಣದಾಗಿರಲಿ, ತನ್ನದೇ ಆದ ವಕೀಲರು ಬೇಕು. ಸಂದೇಹಗಳೆಲ್ಲ ನಿಜವಾದ ದೋಷಗಳೇ ಆಗಿರುವುದಿಲ್ಲವೆಂಬುದೂ ಅವರಿಂದಲೇ ತಿಳಿಯುತ್ತದೆ. ಲಘು ಮೋಟಾರು ವಾಹನದ ಲೈಸೆನ್ಸುಳ್ಳವನು 7,500 ಕಿಲೊಗ್ರಾಂ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೇ ತೀರ್ಮಾನಿಸಿದ ಮೇಲೆ, ಕಂಪನಿಗಳ ಹಳೆಯ ಆಕ್ಷೇಪಣೆಯೊಂದು ಬಹುಮಟ್ಟಿಗೆ ಸತ್ತುಹೋಗಿದೆ.

ಶುಲ್ಕದ ಮಾತನ್ನು ಮರೆಮಾಚಿ ಪ್ರಯೋಜನವಿಲ್ಲ. ಅಮೆರಿಕದಲ್ಲಿ ನೆಲಸಿರುವ ನಮ್ಮವರು ಹೆದ್ದಾರಿಯ ಪಕ್ಕದಲ್ಲಿ ವಕೀಲರ ಆಳೆತ್ತರದ ಮುಖಗಳನ್ನೂ, ಗೆದ್ದರೆ ಮಾತ್ರ ಶುಲ್ಕವೆಂಬ ಘೋಷಣೆಯನ್ನೂ ದಿನವೂ ಕಾಣುತ್ತಾರೆ. ಅಲ್ಲಿ ಬಂದ ಪರಿಹಾರದಲ್ಲಿ ಮೂರನೆಯ ಒಂದು ಪಾಲು ವಕೀಲರಿಗೆ ಹೋಗುವುದು ರೂಢಿಯಾದ ಒಪ್ಪಂದ. ಭಾರತದಲ್ಲಿ ಅದು ನಿಷಿದ್ಧ. ಫಲಿತಾಂಶವನ್ನು ಅವಲಂಬಿಸಿ ಶುಲ್ಕ ಗೊತ್ತುಮಾಡುವುದಾಗಲಿ, ಪರಿಹಾರದಲ್ಲಿ ಪಾಲು ಕೇಳುವುದಾಗಲಿ, ದಲ್ಲಾಳಿಗಳ ಮೂಲಕ ಕಕ್ಷಿಗಾರರನ್ನು ಹಿಡಿಯುವುದಾಗಲಿ ಕೂಡದೆಂದು ಬಾರ್ ಕೌನ್ಸಿಲಿನ ನಿಯಮಗಳು ಹೇಳುತ್ತವೆ. 2017ರಲ್ಲಿ ಸುಪ್ರೀಂ ಕೋರ್ಟು ಅಂಥ ಪಾಲಿನ ಒಪ್ಪಂದವನ್ನು ವೃತ್ತಿಯ ದುರ್ವರ್ತನೆಯೆಂದೇ ಕರೆಯಿತು. ಆದರೂ ಆಸ್ಪತ್ರೆಯ ಮೂಳೆ ವಿಭಾಗದ ಹೊರಗೆ, ಬ್ಯಾಂಡೇಜು ಒಣಗುವ ಮೊದಲೇ, “ನಮ್ಮ ಸಾಹೇಬರಿದ್ದಾರೆ, ನೀವು ಒಂದು ಪೈಸೆ ಕೊಡಬೇಡಿ, ಬಂದಮೇಲೆ ಪರ್ಸೆಂಟೇಜು” ಎಂದು ಕಿವಿಯಲ್ಲಿ ಹೇಳಿ ಖಾಲಿ ವಕಾಲತ್ತಿಗೆ ಸಹಿ ಪಡೆಯುವವರು ಇಲ್ಲವೆನ್ನಲಾಗದು. ಕೈಯಲ್ಲಿ ಕಾಸಿಲ್ಲದ ಗಾಯಾಳುವಿಗೆ ಇದು ಅನುಕೂಲವೆಂದು ವಾದಿಸುವವರೂ ಉಂಟು. ಆ ವಾದದಲ್ಲಿ ಸ್ವಲ್ಪ ಸತ್ಯಾಂಶವಿದೆಯೆಂದು ಒಪ್ಪಿದರೂ, ಅದೇ ಬಾಯಿ ಮುಂದೆ “ಡಿಸೆಬಿಲಿಟಿ ಸ್ವಲ್ಪ ಜಾಸ್ತಿ ಹಾಕಿಸೋಣ”, “ಹೊಡೆದ ಗಾಡಿಗೆ ಇನ್ಶೂರೆನ್ಸಿಲ್ಲ, ಬೇರೆ ಗಾಡಿ ತೋರಿಸೋಣ” ಎಂದು ನುಡಿಯತೊಡಗಿದಾಗ ಗಾಯಾಳು ತಾನೇ ಅಪರಾಧಿಯಾಗುತ್ತಾನೆ. ಉತ್ತರ ಪ್ರದೇಶದ ಸುಳ್ಳು ಅಪಘಾತ ಪ್ರಕರಣಗಳು ವಿಶೇಷ ತನಿಖಾ ತಂಡಕ್ಕೂ ಸುಪ್ರೀಂ ಕೋರ್ಟಿಗೂ ಹೋಗಿ, 2021ರಲ್ಲಿ ವಕೀಲರ ಮೇಲೆಯೇ ಶಿಸ್ತುಕ್ರಮ ನಡೆದದ್ದು ಎಲ್ಲರಿಗೂ ತಿಳಿದ ವಿಷಯ.

ಒಂದು ಗಂಟೆಯ ಸಲಹೆಗೂ ವಕಾಲತ್ತಿಗೂ ವ್ಯತ್ಯಾಸವಿದೆಯೆಂಬುದನ್ನು ನಮ್ಮ ಜನ ಗಮನಿಸುವುದಿಲ್ಲ. ವಕೀಲರ ಕಚೇರಿಗೆ ಕಾಲಿಟ್ಟರೆ ಪ್ರಕರಣವನ್ನು ಒಪ್ಪಿಸಿಯೇ ಬರಬೇಕೆಂಬ ಸಂಕೋಚದಿಂದ, ಹೋಗಲೇಬೇಕಾದ ಹೊತ್ತಿನಲ್ಲಿಯೂ ಹೋಗದೆ ಉಳಿಯುತ್ತಾರೆ. ಎಫ್.ಐ.ಆರ್., ಮಹಜರು, ಗಾಯದ ಪ್ರಮಾಣಪತ್ರ, ಎರಡೂ ವಾಹನಗಳ ಪಾಲಿಸಿ, ಚಾಲಕರ ಲೈಸೆನ್ಸು, ಬಿಲ್ಲುಗಳು, ಇವುಗಳ ಪ್ರತಿಗಳನ್ನು ಒಯ್ದು, ಕಂಪನಿ ಕೊಡುತ್ತೇನೆಂದ ಮೊತ್ತ ನ್ಯಾಯವೇ, ಅರ್ಜಿ ಹಾಕಿದರೆ ಎಷ್ಟು ಕಾಲ ಹಿಡಿದೀತು, ಯಾವ ದಾಖಲೆ ಕೊರತೆಯಾಗಿದೆ ಎಂದು ಕೇಳಿ, ಆ ಸಲಹೆಯ ಶುಲ್ಕವನ್ನು ಅಲ್ಲಿಯೇ ಕೊಟ್ಟು ಬರುವುದು ಮರ್ಯಾದೆಯ ವ್ಯವಹಾರವೇ ಸರಿ. “ಇದಕ್ಕೆ ಕೇಸು ಬೇಡ, ಕೊಟ್ಟದ್ದು ತೆಗೆದುಕೊಳ್ಳಿ” ಎಂದು ಹೇಳುವ ವಕೀಲರು ಸಿಕ್ಕಿದರೆ ಅವರ ವಿಳಾಸವನ್ನು ಜೋಪಾನವಾಗಿಟ್ಟುಕೊಳ್ಳಬೇಕು. ಮುಂದೆ ನಿಜವಾದ ಅಗತ್ಯ ಬಂದಾಗ ಹೋಗತಕ್ಕದ್ದು ಅವರಲ್ಲಿಗೆ.

ಶುಲ್ಕ ಕೊಡಲಾರದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಿದೆ. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಇವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. 15100 ಸಂಖ್ಯೆಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದೂ ಒಳ್ಳೆಯದೇ, ಆದರೆ ಅಲ್ಲಿಯ ತೀರ್ಮಾನದ ಮೇಲೆ ಮೇಲ್ಮನವಿಯಿಲ್ಲವಾದುದರಿಂದ ಚಿಕಿತ್ಸೆ ಪೂರ್ತಿ ಮುಗಿಯುವ ಮೊದಲು ಅಲ್ಲಿ ಸಹಿ ಹಾಕಬಾರದು. ಇನ್ನು ತಕರಾರು ನಮ್ಮ ಸ್ವಂತ ವಿಮಾ ಕಂಪನಿಯೊಡನೆ ಇದ್ದರೆ, ಅಂದರೆ ರಿಪೇರಿಯ ಕ್ಲೇಮನ್ನು ಅವರು ತಳ್ಳಿಹಾಕಿದರೆ ಅಥವಾ ಮೊಟಕುಗೊಳಿಸಿದರೆ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದು, ಒಂದು ತಿಂಗಳು ಕಾದು, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ; ಅವರ ಆದೇಶ ಕಂಪನಿಯನ್ನು ಕಟ್ಟುತ್ತದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿಯೂ ತಾನೇ ನಿಂತು ವಾದಿಸಬಹುದು.

ಇಷ್ಟನ್ನು ಓದಿದ ವಾಚಕರಲ್ಲಿ ಕಾರುಳ್ಳವರು ಇಂದೇ ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ: ಪಾಲಿಸಿಯನ್ನು ತೆಗೆದು ಅದು ಥರ್ಡ್ ಪಾರ್ಟಿಯೋ ಪ್ಯಾಕೇಜೋ ಎಂದು ನೋಡಿ. ಬರಿಯ ಥರ್ಡ್ ಪಾರ್ಟಿಯಾಗಿದ್ದರೆ, ನಿಮ್ಮ ಪಕ್ಕದ ಸೀಟಿನಲ್ಲಿ ಕುಳಿತು ಬರುವ ಬಂಧುವಿಗೆ ನಿಮ್ಮ ತಪ್ಪಿನಿಂದ ಗಾಯವಾದಾಗ ಆ ಪಾಲಿಸಿ ಸಾಮಾನ್ಯವಾಗಿ ಅವರಿಗೆ ಏನನ್ನೂ ಕೊಡುವುದಿಲ್ಲ.